ಹಾಲು ಕುಡಿಯುವಾಗ ಹಣೆ ಬೆವರಿದರೆ

ಈ ಸಲದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಎಳೆಗೂಸುಗಳ ಹೃದಯದ ಬಗ್ಗೆಯೇ ಇದ್ದವು. ಕೆಮ್ಮು, ಹೊಟ್ಟೆನೋವು, ತಡವಾಗಿ ಬರುವ ಹಲ್ಲು ಎಲ್ಲ ಮುಂದಿನ ತಿಂಗಳಿಗೆ ಇರಲಿ. ನಾನು ಮಕ್ಕಳ ಹೃದಯದ ಡಾಕ್ಟರು. ಅಂಗೈಯಗಲದ ಎದೆಗಳ ಮೇಲೆ ಸ್ಟೆತಾಸ್ಕೋಪ್ ಇಡುವುದೇ ಇಪ್ಪತ್ತಾರು ವರ್ಷಗಳಿಂದ ನನ್ನ ಕೆಲಸ. ಇಡುವ ಮೊದಲು ಅದನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತೇನೆ. ತಣ್ಣಗೆ ತಾಗಿತೋ, ಮಗು ಕಿರುಚುತ್ತದೆ. ಆಮೇಲೆ ಹೃದಯದ ಸದ್ದು ಎಲ್ಲಿ ಕೇಳಬೇಕು!

ಪತ್ರ ಬರೆದವರ ಹೆಸರು, ವಿಳಾಸ ಹಾಕಿಲ್ಲ.

ಪ್ರಶ್ನೆ: ನನ್ನ ಮಗುವಿಗೆ ಐದು ವಾರ. ಹುಟ್ಟಿದಾಗ 2.9 ಕಿಲೋ ಇತ್ತು, ಈಗ 3.2. ಹಸಿದು ಅಳುತ್ತದೆ. ಎದೆಗೆ ಹಾಕಿಕೊಂಡರೆ ಎರಡು ನಿಮಿಷ ಚೀಪಿ ಬಿಟ್ಟುಬಿಡುತ್ತದೆ, ಏದುಸಿರು ಬಿಡುತ್ತದೆ. ಹಣೆ, ತಲೆ ಎಲ್ಲ ಬೆವರಿ ನನ್ನ ತೋಳು ಒದ್ದೆಯಾಗುತ್ತದೆ. ಒಂದು ಸಲ ಹಾಲೂಡಿಸಲು ಮುಕ್ಕಾಲು ಗಂಟೆ ಬೇಕು. ಹುಟ್ಟಿದಾಗ ಡಾಕ್ಟರು ಎದೆ ನೋಡಿ ಎಲ್ಲ ಸರಿ ಇದೆ ಎಂದಿದ್ದರು. ಮನೆಯವರು ಸೆಖೆಗೆ ಬೆವರುತ್ತದೆ ಎನ್ನುತ್ತಾರೆ. ನಾನೇ ಸುಮ್ನೆ ಹೆದರುತ್ತಿದ್ದೇನಾ?

ಇಲ್ಲ, ಸುಮ್ನೆ ಹೆದರುತ್ತಿಲ್ಲ. ಈ ಪತ್ರ ಓದಿದ ಕೂಡಲೇ ಇವರಿಗೆ ಫೋನ್ ಮಾಡಿದೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಅಲ್ಲ ಇದು. ಇದನ್ನೇ ನೋಡುತ್ತಾ ಕೂತಿರುವ ಬೇರೆ ತಾಯಂದಿರೂ ಇರಬಹುದು, ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ.

ದೊಡ್ಡವರ ಹೃದಯ ಸೋತಿದ್ದರೆ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ಎಳೆಗೂಸಿಗೆ ಮೆಟ್ಟಿಲು ಎಲ್ಲಿಂದ ಬರಬೇಕು? ಅದರ ಪಾಲಿಗೆ ದಿನದ ದೊಡ್ಡ ದುಡಿಮೆ ಎಂದರೆ ಹಾಲು ಕುಡಿಯುವುದು. ಚೀಪಬೇಕು, ನುಂಗಬೇಕು, ನಡುವೆ ಉಸಿರೂ ಎಳೆದುಕೊಳ್ಳಬೇಕು. ಹೃದಯಕ್ಕೆ ತ್ರಾಣ ಇಲ್ಲದಿದ್ದರೆ ಮಗು ಅಲ್ಲೇ ಸುಸ್ತಾಗುತ್ತದೆ. ಸ್ವಲ್ಪ ಕುಡಿದು ನಿದ್ದೆಗೆ ಜಾರುತ್ತದೆ, ಅರ್ಧ ಗಂಟೆಗೆ ಹಸಿದು ಏಳುತ್ತದೆ, ಮತ್ತೆ ಸ್ವಲ್ಪ ಕುಡಿಯುತ್ತದೆ. ಮನೆಯವರು ‘ಹಾಲು ಸಾಲುತ್ತಿಲ್ಲ’ ಎಂದು ತಾಯಿಯನ್ನೇ ಅನುಮಾನಿಸುತ್ತಾರೆ. ನನ್ನ ಹತ್ತಿರ ಬಂದವರಿಗೆ ನಾನು ಮೊದಲು ಕೇಳುವುದು ಎದೆಯ ವಿಷಯ ಅಲ್ಲ. ‘ಹಾಲು ಹೇಗೆ ಕುಡಿಯುತ್ತೆ?’ ಅಂತ ಕೇಳುತ್ತೇನೆ. ಎಷ್ಟೋ ಸಲ ಅರ್ಧ ರೋಗ ಆ ಉತ್ತರದಲ್ಲೇ ಸಿಕ್ಕಿಬಿಡುತ್ತದೆ.

ತೂಕ ನೋಡಿ. ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತಾರೆ. ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುತ್ತಾರೆ. ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಈ ಮಗು ಐದು ವಾರಕ್ಕೆ ಏರಿದ್ದು ಬರೀ 300 ಗ್ರಾಂ. ತಿಂದದ್ದೆಲ್ಲ ಉಸಿರಾಡಲಿಕ್ಕೇ ಖರ್ಚಾಗುತ್ತಿತ್ತು.

ಉಸಿರು ಎಣಿಸುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಮಗು ಮಲಗಿರುವಾಗ ಬಟ್ಟೆ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆಗೂಸಿನ ಉಸಿರು ಒಂದೇ ತಾಳದಲ್ಲಿ ಇರುವುದಿಲ್ಲ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಇನ್ನೊಂದು ಸಲ ಎಣಿಸಿದಾಗಲೂ ಅಷ್ಟೇ ಬಂದರೆ, ಅವತ್ತೇ ಡಾಕ್ಟರಿಗೆ ತೋರಿಸಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಇವರು ಎಣಿಸಿದಾಗ 74 ಬಂತು.

ಎಕೋ ಮಾಡಿದಾಗ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ 7 ಮಿಲಿಮೀಟರ್ ತೂತು ಕಂಡಿತು. ಎಕೋ ಎಂದರೆ ಶಬ್ದದ ಅಲೆಯಿಂದ ತೆಗೆಯುವ ಚಿತ್ರ, ನೋವಿಲ್ಲ. ಇಷ್ಟು ಎಳೆಯ ಮಗುವಿಗೆ 7 ಮಿಲಿಮೀಟರ್ ದೊಡ್ಡ ತೂತೇ.

ಹಾಗಾದರೆ ಹುಟ್ಟಿದಾಗ ನೋಡಿದ ಡಾಕ್ಟರು ತಪ್ಪಿದರಾ? ಹಾಗೇನೂ ಅಲ್ಲ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುತ್ತವೆ. ಹೃದಯದ ಎಡಕ್ಕೂ ಬಲಕ್ಕೂ ಒತ್ತಡ ಹೆಚ್ಚುಕಮ್ಮಿ ಸಮ. ತೂತು ಇದ್ದರೂ ರಕ್ತ ಅದರೊಳಗೆ ನುಗ್ಗುವುದಿಲ್ಲ. ನುಗ್ಗದಿದ್ದರೆ ಸದ್ದೂ ಇಲ್ಲ. ವಾರಗಳು ಕಳೆದ ಹಾಗೆ ಶ್ವಾಸಕೋಶದ ನಾಳಗಳು ಸಡಿಲವಾಗುತ್ತವೆ, ಬಲಗಡೆ ಒತ್ತಡ ಇಳಿಯುತ್ತದೆ. ಆಗ ಎಡಗಡೆಯ ರಕ್ತ ತೂತಿನಿಂದ ಹಾದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಅದಕ್ಕೇ ಈ ಮಕ್ಕಳು ಒಂದೆರಡು ತಿಂಗಳ ವಯಸ್ಸಿಗೆ ಏದುಸಿರಿನಿಂದ ನಮ್ಮ ಹತ್ತಿರ ಬರುತ್ತಾರೆ. ‘ಹುಟ್ಟಿದಾಗ ಸರಿ ಇತ್ತು’ ಅನ್ನುವ ಮಾತು ಹುಟ್ಟಿದ ದಿನದ ಮಾತು ಅಷ್ಟೇ.

ಮಗುವಿಗೆ ಈಗ ಮೈಯ ನೀರು ಮೂತ್ರದಲ್ಲಿ ಹೋಗುವ ಔಷಧ ಕೊಡುತ್ತಿದ್ದಾರೆ. ತಾಯಿ ಹಾಲು ಹಿಂಡಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿದ್ದಾರೆ. ತೂಕ ಏರದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ತೂತು ಮುಚ್ಚುತ್ತಾರೆ. ಇದನ್ನು ‘ದೊಡ್ಡವನಾಗಲಿ, ಆಮೇಲೆ ನೋಡೋಣ’ ಎಂದು ವರ್ಷಗಟ್ಟಲೆ ಮುಂದೂಡುವ ಹಾಗಿಲ್ಲ. ಜೋರಾಗಿ ಬರುವ ರಕ್ತವನ್ನು ತಡೆದು ತಡೆದು ಶ್ವಾಸಕೋಶದ ನಾಳಗಳು ದಪ್ಪವಾಗಿ ಗಟ್ಟಿಯಾಗುತ್ತವೆ. ಒಂದು ಹಂತ ದಾಟಿದರೆ ತೂತು ಮುಚ್ಚುವುದೇ ಅಪಾಯ.

ಪ್ರಶ್ನೆ: ನಮ್ಮ ಮಗು ಹುಟ್ಟಿದಾಗ ಗುಂಡುಗುಂಡಾಗಿತ್ತು. ಎರಡನೇ ದಿನ ಮನೆಗೆ ಕಳಿಸಿದರು. ಮೂರನೇ ದಿನ ರಾತ್ರಿ ಹಾಲು ಬಿಟ್ಟಿತು, ಮೈ ತಣ್ಣಗಾಯಿತು, ಬೂದಿ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಗೆ ಹೋದ ಎರಡು ಗಂಟೆಯಲ್ಲಿ ಹೋಗಿಬಿಟ್ಟಿತು. ಹೃದಯದಲ್ಲಿ ಹುಟ್ಟಿನಿಂದಲೇ ದೋಷ ಇತ್ತು ಎಂದರು. ಹುಟ್ಟಿನಿಂದ ಇದ್ದದ್ದು ಎರಡು ದಿನ ಯಾರಿಗೂ ಹೇಗೆ ಕಾಣಲಿಲ್ಲ? ನನ್ನ ಹೆಂಡತಿ ಈಗಲೂ ‘ನಾನು ಬೇಗ ನೋಡಬೇಕಿತ್ತು’ ಎನ್ನುತ್ತಾಳೆ.

ಮೊದಲು ನಿಮ್ಮ ಹೆಂಡತಿಗೆ ಈ ಮಾತು ಓದಿ ಹೇಳಿ: ನೋಡಲು ಅಲ್ಲಿ ಏನೂ ಇರಲಿಲ್ಲ. ಎರಡು ದಿನ ಆ ಮಗು ನಿಜವಾಗಿಯೂ ಚೆನ್ನಾಗಿತ್ತು. ಹೇಗೆ ಅಂತ ಹೇಳುತ್ತೇನೆ.

ಹೊಟ್ಟೆಯೊಳಗಿನ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಪ್ರಾಣವಾಯು ತಾಯಿಯಿಂದ ಹೊಕ್ಕುಳಬಳ್ಳಿಯಲ್ಲಿ ಬರುತ್ತದೆ. ಹಾಗಾಗಿ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳಕ್ಕೂ ಮೈಗೆ ಹೋಗುವ ದೊಡ್ಡ ನಾಳಕ್ಕೂ ನಡುವೆ ಒಂದು ಗಿಡ್ಡ ಅಡ್ಡನಾಳ ಇರುತ್ತದೆ. ನಾವು ಅದನ್ನು ಡಕ್ಟಸ್ ಎನ್ನುತ್ತೇವೆ. ಹುಟ್ಟಿ ಉಸಿರಾಡಲು ಶುರು ಮಾಡಿದ ಮೇಲೆ ಅದರ ಕೆಲಸ ಮುಗಿಯಿತು. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಅದು ತಾನಾಗಿ ಬಿಗಿದುಕೊಂಡು ಮುಚ್ಚಿಹೋಗುತ್ತದೆ.

ಈಗ ಮೈಗೆ ರಕ್ತ ಕಳಿಸುವ ಮುಖ್ಯ ನಾಳವೇ ಒಂದು ಕಡೆ ಹಿಚುಕಿದ ಹಾಗೆ ಇದೆ ಎಂದುಕೊಳ್ಳಿ. ಅಥವಾ ಹೃದಯದ ಎಡಭಾಗವೇ ಬೆಳೆದಿಲ್ಲ. ಅಂಥ ಮಗುವನ್ನು ಈ ಅಡ್ಡನಾಳವೇ ಬದುಕಿಸಿರುತ್ತದೆ. ಮುಖ್ಯ ದಾರಿ ಕಟ್ಟಿದ್ದರೂ ರಕ್ತ ಕಳ್ಳದಾರಿಯಿಂದ ತಲುಪುತ್ತಿರುತ್ತದೆ. ಮಗು ಹಾಲು ಕುಡಿಯುತ್ತದೆ, ಅಳುತ್ತದೆ, ಬಟ್ಟೆ ಒದ್ದೆ ಮಾಡುತ್ತದೆ. ಎಲ್ಲರಿಗೂ ಖುಷಿ. ಎರಡನೇ ಮೂರನೇ ದಿನ ಕಳ್ಳದಾರಿ ಮುಚ್ಚುತ್ತದೆ. ಕೆಲವು ಗಂಟೆಗಳಲ್ಲಿ ಎಲ್ಲ ಮಗುಚಿಬೀಳುತ್ತದೆ.

ನಾನೂ ಒಂದನ್ನು ತಪ್ಪಿದ್ದೇನೆ. ಕಲಿಯುತ್ತಿದ್ದ ಕಾಲ. ರಾತ್ರಿ ಪಾಳಿ. ನಾಲ್ಕು ದಿನದ ಮಗು ಬಂತು. ಬಿಳಿಚಿಕೊಂಡಿತ್ತು, ಕೈಕಾಲು ತಣ್ಣಗೆ. ರಕ್ತಕ್ಕೆ ಸೋಂಕು ತಗಲಿದೆ ಎಂದುಕೊಂಡೆ. ಈ ಎರಡೂ ನೋಡಲಿಕ್ಕೆ ಒಂದೇ ಥರ ಇರುತ್ತವೆ. ಆಂಟಿಬಯಾಟಿಕ್ ಹಾಕಿದೆ, ನೀರು ಏರಿಸಿದೆ. ತೊಡೆಸಂದಿಗೆ ಬೆರಳಿಟ್ಟು ನಾಡಿ ನೋಡಲಿಲ್ಲ. ಬೆಳಗ್ಗೆ ನಮ್ಮ ಹಿರಿಯ ಡಾಕ್ಟರು ಬಂದು ಬೆರಳಿಟ್ಟವರು ಹಾಗೇ ನಿಂತರು. ಕೈಯಲ್ಲಿ ನಾಡಿ ಇತ್ತು, ತೊಡೆಸಂದಿಯಲ್ಲಿ ಇರಲಿಲ್ಲ. ಆ ಹೊತ್ತಿಗೆ ತಡವಾಗಿತ್ತು. ಅವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. ಅವತ್ತಿನಿಂದ ಯಾವ ಎಳೆಗೂಸು ಬಂದರೂ, ನೆಗಡಿ ಎಂದು ಬಂದರೂ, ಮೊದಲು ನನ್ನ ಬೆರಳು ಹೋಗುವುದು ತೊಡೆಸಂದಿಗೆ.

ಈ ಅಡ್ಡನಾಳದ ಕತೆ ವಿಚಿತ್ರ. ಕೆಲವು ಮಕ್ಕಳಲ್ಲಿ ಅದು ಮುಚ್ಚದೆ ಉಳಿದು ತೊಂದರೆ ಕೊಡುತ್ತದೆ. 1938ರಲ್ಲಿ ಬೋಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಎಂಬ ಸರ್ಜನ್ ಏಳು ವರ್ಷದ ಹುಡುಗಿಯ ಎದೆ ತೆರೆದು ಅದನ್ನು ಕಟ್ಟಿ ಮುಚ್ಚಿದರು. ಹುಟ್ಟಿನಿಂದ ಬಂದ ಹೃದಯದ ತೊಂದರೆಗಳಿಗೆ ಶಸ್ತ್ರಚಿಕಿತ್ಸೆಯ ಕಾಲ ಶುರುವಾದದ್ದೇ ಅಲ್ಲಿಂದ. ಅಂದರೆ ಡಾಕ್ಟರುಗಳು ಮೊದಲು ಕಲಿತದ್ದು ಅದನ್ನು ಮುಚ್ಚುವುದನ್ನು. ತೆರೆದೇ ಇಡುವುದನ್ನು ಕಲಿಯಲು 1970ರ ದಶಕ ಬರಬೇಕಾಯಿತು. ಪ್ರೊಸ್ಟಗ್ಲ್ಯಾಂಡಿನ್ ಎಂಬ ಔಷಧವನ್ನು ಹನಿಹನಿಯಾಗಿ ರಕ್ತಕ್ಕೆ ಕೊಟ್ಟರೆ ಡಕ್ಟಸ್ ಮುಚ್ಚುವುದಿಲ್ಲ. ಮುಚ್ಚಿಕೊಳ್ಳುತ್ತಿದ್ದದ್ದೂ ಎಷ್ಟೋ ಸಲ ಮತ್ತೆ ತೆರೆಯುತ್ತದೆ. ಉಸಿರು ನಿಂತುಹೋಗುವ ಅಪಾಯ ಇರುವುದರಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಆದರೂ ಸರ್ಜನ್ ಸಿಗುವವರೆಗೆ ಮಗುವನ್ನು ಉಳಿಸಿಕೊಳ್ಳುವುದು ಅದೇ.

ಇಂಥ ಮಕ್ಕಳನ್ನು ಮನೆಗೆ ಕಳಿಸುವ ಮುಂಚೆಯೇ ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಪಲ್ಸ್ ಆಕ್ಸಿಮೀಟರ್ ನಿಮಗೆಲ್ಲ ಗೊತ್ತಲ್ಲ. ಮಗು ಹುಟ್ಟಿ 24 ಗಂಟೆ ಆದ ಮೇಲೆ ಬಲಗೈಗೂ ಒಂದು ಕಾಲಿಗೂ ಅದನ್ನು ಕಟ್ಟಿ ನೋಡುತ್ತಾರೆ. ಎರಡೂ ಕಡೆ 95 ಅಥವಾ ಮೇಲಿರಬೇಕು, ಕೈಗೂ ಕಾಲಿಗೂ ವ್ಯತ್ಯಾಸ 3ನ್ನು ದಾಟಬಾರದು. 90ಕ್ಕಿಂತ ಕಡಿಮೆ ಬಂದರೆ ಕೂಡಲೇ ಕಾರಣ ಹುಡುಕಬೇಕು. ನಡುವೆ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಬಲಗೈಯೇ ಏಕೆಂದರೆ ಅದಕ್ಕೆ ರಕ್ತ ಹೋಗುವುದು ಅಡ್ಡನಾಳ ಸೇರುವ ಜಾಗಕ್ಕಿಂತ ಮೊದಲು, ಕಾಲಿಗೆ ಹೋಗುವುದು ಅದಾದ ಮೇಲೆ. ಅಮೆರಿಕದಲ್ಲಿ 2011ರಲ್ಲಿ ಇದನ್ನು ಎಲ್ಲ ನವಜಾತ ಶಿಶುಗಳಿಗೆ ಮಾಡಬೇಕಾದ ಪರೀಕ್ಷೆಗಳ ಪಟ್ಟಿಗೆ ಸೇರಿಸಿದರು. ಮಾಡಲು ಐದು ನಿಮಿಷವೂ ಬೇಡ. ಹೆರಿಗೆ ಎಲ್ಲೇ ಆಗಲಿ, ಮನೆಗೆ ಹೊರಡುವ ಮುಂಚೆ ‘ಕೈಗೂ ಕಾಲಿಗೂ ಆಕ್ಸಿಜನ್ ನೋಡಿದಿರಾ?’ ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈ ಪರೀಕ್ಷೆಯೂ ಎಲ್ಲವನ್ನೂ ಹಿಡಿಯುವುದಿಲ್ಲ. ಮುಖ್ಯ ನಾಳ ಹಿಚುಕಿದಂತಿರುವ ತೊಂದರೆ ತಪ್ಪಿಸಿಕೊಳ್ಳಬಹುದು. ಅದಕ್ಕೆ ತೊಡೆಸಂದಿಯ ನಾಡಿಯನ್ನೂ ನೋಡಬೇಕು ಎನ್ನುವುದು.

ಮುಂದೆ ಮಗು ಬೇಕು ಎನಿಸಿದರೆ, 18ರಿಂದ 22 ವಾರದೊಳಗೆ ಹೊಟ್ಟೆಯೊಳಗಿನ ಮಗುವಿನ ಹೃದಯದ ಎಕೋ ಮಾಡಿಸಿ. ಮೊದಲ ಮಗುವಿಗೆ ಹೀಗಾಗಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿ. ತೊಂದರೆ ಕಂಡರೆ ಹೆರಿಗೆಯನ್ನೇ ಹೃದಯದ ಚಿಕಿತ್ಸೆ ಇರುವ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಹುದು. ಬೇಕಿದ್ದರೆ ಪ್ರೊಸ್ಟಗ್ಲ್ಯಾಂಡಿನ್ ಹುಟ್ಟಿದ ಕೂಡಲೇ ಶುರುವಾಗುತ್ತದೆ, ಮೂರನೇ ರಾತ್ರಿಯವರೆಗೆ ಕಾಯುವುದಿಲ್ಲ.

ಪ್ರಶ್ನೆ: ಮೊಮ್ಮಗಳಿಗೆ ಹತ್ತು ದಿನ. ಸ್ನಾನ ಮಾಡಿಸಿದ ಮೇಲೆ ಕೈಕಾಲು ನೀಲಿಯಾಗುತ್ತದೆ. ಹೃದಯದ ತೊಂದರೆಯೇ?

ನಾಲಿಗೆ ನೋಡಿ ಅಜ್ಜಿ. ನಾಲಿಗೆ, ವಸಡು ಗುಲಾಬಿ ಇದ್ದರೆ ಅದು ಬರೀ ಚಳಿ. ಒರೆಸಿ, ಬೆಚ್ಚಗೆ ಸುತ್ತಿ, ಹೋಗುತ್ತದೆ. ನಾಲಿಗೆಯೇ ನೀಲಿ ಇದ್ದರೆ ಬಟ್ಟೆ ಸುತ್ತುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಚರ್ಮ ನೋಡಿ ನೀಲಿ ಕಂಡುಹಿಡಿಯುವುದು ಡಾಕ್ಟರಿಗೇ ಕಷ್ಟ. ಬೆಳಕಿನಲ್ಲಿ ಬಾಯಿ ತೆರೆಸಿ ನೋಡುವುದೇ ಸರಿ.

ಪ್ರಶ್ನೆ: ಮಗನ ಹೃದಯದಲ್ಲಿ ತೂತು ಇದೆ. ಬಸುರಿಯಾಗಿದ್ದಾಗ ನಾನು ಭಾರ ಎತ್ತಿದ್ದಕ್ಕೇ ಹೀಗಾಯಿತು ಎಂದು ಎಲ್ಲರೂ ಹೇಳುತ್ತಾರೆ. ಏಳನೇ ತಿಂಗಳಲ್ಲಿ ನೀರಿನ ಕೊಡ ಎತ್ತಿದ್ದು ನಿಜ. ತಪ್ಪು ನನ್ನದೇನಾ?

ಅಲ್ಲ. ಮಗುವಿನ ಹೃದಯ ಕಟ್ಟಿಕೊಳ್ಳುವುದು ಗರ್ಭದ ಮೊದಲ ಎರಡು ತಿಂಗಳಲ್ಲೇ. ನಾಲ್ಕು ಕೋಣೆ, ನಡುವಿನ ಗೋಡೆ, ಕವಾಟ ಎಲ್ಲ ಎಂಟು ವಾರದ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದೇ ಅಷ್ಟು ಬೇಗ ಗೊತ್ತಾಗಿರುವುದಿಲ್ಲ. ಏಳನೇ ತಿಂಗಳ ಕೊಡ ಆ ಗೋಡೆಯನ್ನು ತೂತು ಮಾಡಲು ಸಾಧ್ಯವೇ ಇಲ್ಲ. ಹೇಳುವವರಿಗೆ ಈ ಲೆಕ್ಕ ತೋರಿಸಿ.

ನೂರು ಮಕ್ಕಳು ಹುಟ್ಟಿದರೆ ಸುಮಾರು ಒಂದು ಮಗುವಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಹುಟ್ಟಿನಿಂದ ಬರುವ ದೋಷಗಳಲ್ಲಿ ಇದೇ ತೀರಾ ಸಾಮಾನ್ಯ. ಹೆಚ್ಚಿನವಕ್ಕೆ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಗೊತ್ತಿರುವ ಕಾರಣಗಳು ಕೆಲವೇ. ಒಂದು, ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಬರುವುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಮಕ್ಕಳ ಕಣ್ಣಿನ ಪೊರೆಗೂ ತಾಯಂದಿರ ರುಬೆಲ್ಲಾಕ್ಕೂ ನಂಟು ಗುರುತಿಸಿದರು. ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಹೃದಯದ ತೊಂದರೆಯೂ ಇತ್ತು. ಇನ್ನೊಂದು, ಬಸುರಿಗೆ ಮೊದಲಿಂದಲೇ ಸಕ್ಕರೆ ಕಾಯಿಲೆ ಇದ್ದು ಹಿಡಿತಕ್ಕೆ ಸಿಗದಿರುವುದು. ಮದ್ಯಪಾನ, ಮೂರ್ಛೆರೋಗದ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಅದಕ್ಕೇ ಆ ಮಕ್ಕಳಿಗೆಲ್ಲ ಎಕೋ ಆಗಲೇಬೇಕು.

ಇದನ್ನು ಓದಿ ಮೂರ್ಛೆಯ ಮಾತ್ರೆ ಯಾರೂ ತಾವಾಗಿ ನಿಲ್ಲಿಸಬೇಡಿ. ಮಗು ಬೇಕು ಎಂದುಕೊಂಡಾಗಲೇ ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಬಸುರಿಯಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಹಾಕಿಸಿಕೊಳ್ಳಿ. ಬಸುರಿಯಾದ ಮೇಲೆ ಅದನ್ನು ಹಾಕುವುದಿಲ್ಲ.

ಪ್ರಶ್ನೆ: ಎರಡು ತಿಂಗಳ ಮಗಳಿಗೆ 2 ಮಿಲಿಮೀಟರ್ ತೂತು. ಸದ್ದು ಜೋರಾಗಿದೆ ಎಂದರು, ಆದರೂ ಔಷಧ ಕೊಡಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋಗಲೇ?

ಹಾಲು ಚೆನ್ನಾಗಿ ಕುಡಿಯುತ್ತಾಳೆ, ತೂಕ ಏರುತ್ತಿದೆ ಎಂದು ನೀವೇ ಬರೆದಿದ್ದೀರಿ. ಸಾಕು. ಸಣ್ಣ ತೂತಿನ ಸದ್ದೇ ಜೋರು. ನಲ್ಲಿಯ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ಚಿಮ್ಮಿ ಸದ್ದು ಮಾಡುತ್ತದೆ ಅಲ್ವಾ, ಹಾಗೆ. ಗೋಡೆಯ ಮಾಂಸದ ಭಾಗದಲ್ಲಿರುವ ಸಣ್ಣ ತೂತುಗಳು ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾನಾಗಿ ಮುಚ್ಚಿಹೋಗುತ್ತವೆ. ಲಸಿಕೆಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಹಾಕಿಸಿ. ಹೇಳಿದ ದಿನ ಎಕೋಗೆ ಹೋಗಿ. ಅಳಲು ಬಿಡಬಾರದು, ಓಡಲು ಬಿಡಬಾರದು ಎಂದೆಲ್ಲ ಇಲ್ಲ.

ಪ್ರಶ್ನೆ: ನನಗೆ 9 ವರ್ಷ. ನಾನು ಹುಟ್ಟಿ ಎಂಟು ದಿನಕ್ಕೆ ಆಪರೇಷನ್ ಆಗಿದೆ. ಎದೆ ಮೇಲೆ ಉದ್ದ ಗೆರೆ ಇದೆ. ಎರಡು ಪೈಪ್ ಅದಲುಬದಲಾಗಿತ್ತು ಅಂತ ಅಮ್ಮ ಹೇಳಿದರು. ಗೆರೆ ಯಾವಾಗ ಹೋಗುತ್ತೆ? ನಾನು ಈಜಬಹುದಾ?

ಅಕ್ಷರ ಚೆನ್ನಾಗಿದೆ ಪುಟ್ಟಾ. ನಿನ್ನ ಪತ್ರ ನನ್ನ ಮೇಜಿನ ಗಾಜಿನ ಕೆಳಗಿದೆ.

ಅಮ್ಮ ಹೇಳಿದ್ದು ಸರಿ. ಹೃದಯದಿಂದ ಎರಡು ದೊಡ್ಡ ಪೈಪ್ ಹೊರಡುತ್ತವೆ. ಒಂದು ಶ್ವಾಸಕೋಶಕ್ಕೆ, ಇನ್ನೊಂದು ಉಳಿದ ಮೈಗೆಲ್ಲ. ನಿನ್ನವು ಅದಲುಬದಲಾಗಿ ಕೂತಿದ್ದವು. ಶ್ವಾಸಕೋಶದಿಂದ ಬಂದ ಒಳ್ಳೆ ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಸರ್ಜನ್ ಎರಡನ್ನೂ ಕತ್ತರಿಸಿ ಜಾಗ ಬದಲಿಸಿ ಹೊಲಿದರು. ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳನ್ನೂ ಬಿಡಿಸಿ ಹೊಸ ಜಾಗಕ್ಕೆ ಹೊಲಿದರು. ಆಗ ನಿನ್ನ ಹೃದಯ ಎಷ್ಟಿತ್ತು ಗೊತ್ತಾ? ಹೆಚ್ಚುಕಮ್ಮಿ ನಿನ್ನ ಆಗಿನ ಮುಷ್ಟಿಯಷ್ಟು. ಬ್ರೆಜಿಲ್ ದೇಶದ ಅದಿಬ್ ಜಟೇನೆ ಎಂಬ ಡಾಕ್ಟರು 1975ರಲ್ಲಿ ಇದನ್ನು ಮೊದಲ ಸಲ ಯಶಸ್ವಿಯಾಗಿ ಮಾಡಿದರು. ಆಗ ನಾನೂ ನಿನಗಿಂತ ಚಿಕ್ಕವಳು.

ಗೆರೆ ಪೂರ್ತಿ ಹೋಗುವುದಿಲ್ಲ. ತೆಳ್ಳಗಾಗುತ್ತದೆ, ಬಣ್ಣ ಕಮ್ಮಿಯಾಗುತ್ತದೆ. ಯಾರಾದರೂ ಕೇಳಿದರೆ ನಿನಗೆ ಇಷ್ಟ ಇದ್ದರೆ ಹೇಳು, ಇಲ್ಲದಿದ್ದರೆ ಬಿಡು. ದಿನಾ ಎರಡು ಸಲ ಹಲ್ಲುಜ್ಜು. ಹುಳುಕು ಹಲ್ಲಿನ ಕ್ರಿಮಿ ರಕ್ತಕ್ಕೆ ಸೇರಿ ಹೃದಯದವರೆಗೆ ಹೋಗಬಹುದು. ಚೆಕಪ್ ತಪ್ಪಿಸಬೇಡ, ದೊಡ್ಡವನಾದ ಮೇಲೂ.

ಈಜು? ಈ ಆಪರೇಷನ್ ಆದ ಹೆಚ್ಚಿನ ಮಕ್ಕಳು ಈಜುತ್ತಾರೆ, ಓಡುತ್ತಾರೆ, ಮರ ಹತ್ತಿ ಬೈಸಿಕೊಳ್ಳುತ್ತಾರೆ. ಆದರೆ ನಿನ್ನ ಎಕೋ ನಾನು ನೋಡಿಲ್ಲ. ಮುಂದಿನ ಸಲ ಹೋದಾಗ ನಿನ್ನ ಡಾಕ್ಟರನ್ನು ನೀನೇ ಕೇಳು, ಅಮ್ಮ ಕೇಳುವುದು ಬೇಡ. ಅವರು ಹೂಂ ಎಂದರೆ ನನಗೊಂದು ಪತ್ರ ಹಾಕು.